ಎಲೆಯ ಬಣ್ಣ ಓದುವುದು ಹೇಗೆ?

ಮಕ್ಕಳೇ, ಇವತ್ತಿನ ಪಾಠಕ್ಕೆ ಒಂದು ಹಿಡಿ ಕೆಂಪು ರಾಜಗಿರಿ ಸೊಪ್ಪು ಬೇಕು. ಸಂತೆಯಿಂದ ತಂದದ್ದಾದರೂ ಸರಿ, ಹಿತ್ತಲಲ್ಲಿ ಬೆಳೆದದ್ದಾದರೂ ಸರಿ. ಎರಡೂ ಮಗ್ಗುಲು ಕಡುಗೆಂಪಾಗಿರುವ ಮೂರ್ನಾಲ್ಕು ಎಲೆ ಆರಿಸಿ ಒಂದು ಬಿಳಿ ಬಟ್ಟಲಿನಲ್ಲಿಡಿ. ಅದರ ಮೇಲೆ ಕುದಿಯುವ ನೀರು ಹಾಕಬೇಕು. ಆ ಕೆಲಸ ನೀವು ಮಾಡಬೇಡಿ, ಅವ್ವನಿಗೋ ಆಯಿಗೋ ಹೇಳಿ ಹಾಕಿಸಿ. ಹಾಕಿದ ಮೇಲೆ ಕೆಲವು ನಿಮಿಷ ಬಟ್ಟಲನ್ನೇ ನೋಡುತ್ತ ಕೂತುಕೊಳ್ಳಿ.

ಮೊದಲು ನೀರು ತಿಳಿಗುಲಾಬಿ ಆಗುತ್ತದೆ, ಆಮೇಲೆ ಕಡುಗುಲಾಬಿ. ಚಮಚದಿಂದ ಒಂದು ಎಲೆ ಎತ್ತಿ ನೋಡಿ. ಕೆಂಪೆಲ್ಲ ನೀರಿಗೆ ಇಳಿದುಹೋಗಿ, ಎಲೆ ಹಸಿರಾಗಿ ಕಾಣುತ್ತದೆ. ಈ ಹಸಿರು ಎಲ್ಲಿಂದ ಬಂತು? ಬಿಸಿನೀರು ತಂದದ್ದಲ್ಲ. ಮೊದಲಿನಿಂದಲೂ ಅಲ್ಲೇ ಇತ್ತು, ಕೆಂಪಿನ ಮರೆಯಲ್ಲಿ ನಮಗೆ ಕಾಣುತ್ತಿರಲಿಲ್ಲ ಅಷ್ಟೇ.

ಕ್ರೋಟನ್, ಕೋಲಿಯಸ್, ಕೆಲಾಡಿಯಂ, ಮನಿಪ್ಲಾಂಟ್ ಇವನ್ನೆಲ್ಲ ನೀವು ನೋಡಿದ್ದೀರಿ. ಇವನ್ನು ಯಾರೂ ಹೂವಿಗಾಗಿ ಬೆಳೆಸುವುದಿಲ್ಲ, ಎಲೆಯ ಬಣ್ಣಕ್ಕಾಗಿ ಬೆಳೆಸುತ್ತಾರೆ. ಆದರೆ ತಂದ ಗಿಡ ತಿಂಗಳೊಳಗೆ ಬಾಡಿತು, ಬಣ್ಣ ಹೋಗಿ ಬರೀ ಹಸಿರಾಯಿತು, ಎಲೆಯ ಅಂಚು ಸುಟ್ಟಿತು ಎಂದು ಬೇಸರ ಮಾಡಿಕೊಳ್ಳುವವರೂ ಬಹಳ. ಅವರಿಗೂ ನಿಮಗೂ ನಾನು ಹೇಳಬೇಕೆಂದಿರುವುದು ಒಂದೇ ಮಾತು. ಎಲೆಯ ಬಣ್ಣ ಓದಲು ಕಲಿತರೆ, ಆ ಗಿಡವನ್ನು ಎಲ್ಲಿ ಇಡಬೇಕು, ಎಷ್ಟು ಬಿಸಿಲು ಕೊಡಬೇಕು ಎಂಬುದನ್ನು ಎಲೆಯೇ ತಿಳಿಸುತ್ತದೆ.

ಎಲೆಯೊಳಗೆ ಯಾರು ಯಾರಿದ್ದಾರೆ?

ಎಲೆ ಅಂದರೆ ಲಕ್ಷಾಂತರ ಜೀವಕೋಶಗಳು. ಹೆಚ್ಚಿನ ಜೀವಕೋಶಗಳಲ್ಲಿ ಕ್ಲೋರೋಪ್ಲಾಸ್ಟ್ ಎಂಬ ಪುಟ್ಟ ಹಸಿರು ಕಣಗಳಿರುತ್ತವೆ. ಅವುಗಳಲ್ಲಿ ಪತ್ರಹರಿತ್ತು ಇದೆ. ಬೇರಿನಿಂದ ಬಂದ ನೀರು, ಗಾಳಿಯಿಂದ ಬಂದ ಇಂಗಾಲದ ಡೈಆಕ್ಸೈಡ್, ಇವೆರಡನ್ನೂ ಸೇರಿಸಿ ಸಕ್ಕರೆ ಮಾಡಲು ಬೇಕಾದ ಬೆಳಕನ್ನು ಹಿಡಿಯುವುದು ಇದೇ ಪತ್ರಹರಿತ್ತು. ಅದು ಕೆಂಪು ಮತ್ತು ನೀಲಿ ಬೆಳಕನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ, ಹಸಿರು ಬೆಳಕನ್ನು ಅಷ್ಟಾಗಿ ಹೀರುವುದಿಲ್ಲ. ಉಳಿದ ಆ ಹಸಿರು ನಮ್ಮ ಕಣ್ಣಿಗೆ ಬರುತ್ತದೆ, ಎಲೆ ಹಸಿರಾಗಿ ಕಾಣುತ್ತದೆ.

ಅದೇ ಕಣಗಳಲ್ಲಿ ಹಳದಿ, ಕಿತ್ತಳೆ ಬಣ್ಣದ ಕ್ಯಾರೊಟಿನಾಯ್ಡ್‌ಗಳೂ ಇವೆ. ಗಜ್ಜರಿಗೆ ಬಣ್ಣ ಕೊಡುವುದೂ ಇವೇ. ಬೆಳಕು ಹಿಡಿಯುವ ಕೆಲಸದಲ್ಲಿ ಇವು ಪತ್ರಹರಿತ್ತಿಗೆ ನೆರವಾಗುತ್ತವೆ, ಬೆಳಕು ಮಿತಿಮೀರಿದಾಗ ಅದನ್ನು ಕಾಯುತ್ತವೆ. ಎಲೆಯಲ್ಲಿ ಪತ್ರಹರಿತ್ತು ಕಡಿಮೆಯಾದಾಗ ಇವುಗಳ ಹಳದಿ ಎದ್ದು ಕಾಣುತ್ತದೆ. ಕ್ರೋಟನ್ ಎಲೆಯ ಮೇಲಿನ ಹಳದಿ ಚುಕ್ಕೆಗಳೆಲ್ಲ ಹೀಗೆ ಬಂದವು.

ಕೆಂಪು ಮತ್ತು ನೇರಳೆಯ ವಿಷಯ ಬೇರೆ. ಅವು ಕ್ಲೋರೋಪ್ಲಾಸ್ಟ್‌ನಲ್ಲಿ ಇರುವುದಿಲ್ಲ. ಜೀವಕೋಶದ ನಡುವೆ ನೀರು ತುಂಬಿದ ಚೀಲವೊಂದಿದೆ, ಅದಕ್ಕೆ ರಸದಾನಿ ಎಂದು ಹೆಸರು. ಕೆಂಪು ಬಣ್ಣ ಆ ರಸದಾನಿಯ ನೀರಿನಲ್ಲಿ ಕರಗಿಕೊಂಡಿರುತ್ತದೆ. ಬಿಸಿನೀರು ತಾಗಿದೊಡನೆ ರಸದಾನಿಯ ತೆಳು ಪೊರೆ ಹರಿದು ಬಣ್ಣ ಹೊರಗೆ ಬರುತ್ತದೆ. ಪತ್ರಹರಿತ್ತು ನೀರಿನಲ್ಲಿ ಕರಗುವುದಿಲ್ಲ, ಆದ್ದರಿಂದ ಎಲೆಯಲ್ಲೇ ಉಳಿಯುತ್ತದೆ. ನಿಮ್ಮ ಬಟ್ಟಲಿನಲ್ಲಿ ನಡೆದದ್ದು ಇಷ್ಟೇ.

ಇಲ್ಲೊಂದು ಸ್ವಾರಸ್ಯವಿದೆ. ಗಿಡಗಳ ಲೋಕದಲ್ಲಿ ಕೆಂಪು-ನೇರಳೆಯನ್ನು ಮಾಡುವ ರಾಸಾಯನಿಕ ಕುಟುಂಬಗಳು ಮುಖ್ಯವಾಗಿ ಎರಡು. ಒಂದು ಆಂಥೊಸಯನಿನ್. ಕೋಲಿಯಸ್, ಕ್ರೋಟನ್, ಕೃಷ್ಣತುಳಸಿ, ಪುಂಡಿಪಲ್ಯದ ಕೆಂಪು ದಂಟು, ನೇರಳೆ ಬದನೆಕಾಯಿ ಇವೆಲ್ಲಕ್ಕೂ ಬಣ್ಣ ಬಂದದ್ದು ಅದರಿಂದ. ಇನ್ನೊಂದು ಬೀಟಲೇನ್. ರಾಜಗಿರಿ, ಬೀಟ್‌ರೂಟ್, ಬೋಗನ್‌ವಿಲ್ಲಾ, ಸಂಜೆಮಲ್ಲಿಗೆ, ಪಾಪಾಸುಕಳ್ಳಿಯ ಹಣ್ಣು ಇವೆಲ್ಲ ಅದರ ಕಡೆಯವು. ಒಂದೇ ಗಿಡದಲ್ಲಿ ಇವೆರಡೂ ಒಟ್ಟಿಗೆ ಇರುವುದನ್ನು ಯಾರೂ ಕಂಡಿಲ್ಲ. ಬೀಟಲೇನ್ ಮಾಡುವ ಗಿಡ ಆಂಥೊಸಯನಿನ್ ಮಾಡುವುದಿಲ್ಲ, ಆಂಥೊಸಯನಿನ್ ಮಾಡುವುದು ಬೀಟಲೇನ್ ಮಾಡುವುದಿಲ್ಲ. ನೋಡಲು ರಾಜಗಿರಿಯ ಕೆಂಪೂ ಕೋಲಿಯಸ್‌ನ ಕೆಂಪೂ ಒಂದೇ ಅನ್ನಿಸಬಹುದು. ಒಳಗಿನ ರಸಾಯನ ಮಾತ್ರ ಪೂರ್ತಿ ಬೇರೆ.

ಕೆಂಪು ಯಾತಕ್ಕೆ?

ಯುಗಾದಿಯ ಹೊತ್ತಿಗೆ ಬೇವಿನ ಮರ ನೋಡಿ. ತುದಿಯ ಚಿಗುರು ತಾಮ್ರದ ಬಣ್ಣದ್ದು. ಮಾವಿನ ಚಿಗುರೂ ಕೆಂಪು, ಅರಳಿಯ ಚಿಗುರೂ ಕೆಂಪು. ಕೆಲವು ವಾರ ಕಳೆದರೆ ಅವೇ ಎಲೆಗಳು ಹಸಿರಾಗಿ ಬಲಿಯುತ್ತವೆ. ಎಳೆ ಎಲೆಯ ಬೆಳಕು ಹಿಡಿಯುವ ಯಂತ್ರ ಇನ್ನೂ ತಯಾರಾಗುತ್ತಿರುತ್ತದೆ. ಆಗಲೇ ಪೂರ್ತಿ ಬಿಸಿಲು ಬಿದ್ದರೆ, ಬಳಸಿಕೊಳ್ಳಲಾಗದ ಹೆಚ್ಚುವರಿ ಬೆಳಕು ಆ ಯಂತ್ರವನ್ನೇ ಕೆಡಿಸುತ್ತದೆ. ಆಂಥೊಸಯನಿನ್ ಆ ಬೆಳಕಿನ ಒಂದು ಪಾಲನ್ನು ತಾನೇ ಹೀರಿಕೊಂಡು ಒಳಗಿನ ಹಸಿರು ಕಣಗಳನ್ನು ಕಾಯುತ್ತದೆ. ನಮ್ಮ ಕಡೆ ಹೊಲಕ್ಕೆ ಹೋಗುವವರು ಮಾರ್ಚ್ ಬಂತೆಂದರೆ ತಲೆಗೆ ರುಮಾಲು ಸುತ್ತಿಕೊಳ್ಳುತ್ತಾರಲ್ಲ, ಎಲೆಯ ಕೆಂಪೂ ಹಾಗೆಯೇ.

ಬಿಸಿಲು ಒಂದೇ ಅಲ್ಲ, ಬೇರೆ ಕಷ್ಟ ಬಂದಾಗಲೂ ಗಿಡ ಕೆಂಪನ್ನು ತಯಾರಿಸುತ್ತದೆ. ಹಿಂಗಾರಿ ಜೋಳದ ಹೊಲಕ್ಕೆ ಹೋದಾಗ ಬುಡದ ಎಲೆಗಳನ್ನು ಹತ್ತಿರದಿಂದ ನೋಡಿ. ಹುಳ ಕಚ್ಚಿದ ಕಡೆ, ರೋಗ ತಾಗಿದ ಕಡೆ ಕೆಂಪು-ನೇರಳೆ ಕಲೆ ಕಾಣುತ್ತದೆ. ಬೂಷ್ಟು ಒಳಗೆ ಇಳಿಯದಂತೆ ತಡೆಯಲು ಜೋಳ ಆ ಜಾಗದಲ್ಲೇ ಆಂಥೊಸಯನಿನ್ ಜಾತಿಯ ರಾಸಾಯನಿಕವೊಂದನ್ನು ಮಾಡಿಕೊಳ್ಳುತ್ತದೆ. ಹತ್ತಿ ಹೊಲದಲ್ಲಿ ಎಲೆ ಕೆಂಪಾಗುವುದನ್ನೂ ನೀವು ಕಂಡಿರುತ್ತೀರಿ. ಮಣ್ಣಿನಲ್ಲಿ ಸಾರಜನಕ, ಮೆಗ್ನೀಸಿಯಂ ಸಾಲದೆ ಹೋದಾಗ, ರಾತ್ರಿಯ ಚಳಿ ಹೆಚ್ಚಾದಾಗ ಹತ್ತಿಯ ಎಲೆ ಹಸಿರು ಕಳೆದುಕೊಂಡು ಕೆಂಪಾಗುತ್ತದೆ.

ಅಂದಮೇಲೆ ಕೆಂಪು ಎಂಬುದು ಗಿಡ ದುಡಿದು ಮಾಡಿಕೊಂಡ ಬಣ್ಣ. ಬೆಳಕು ಹೆಚ್ಚಿದ್ದರೆ ಹೆಚ್ಚು ಮಾಡುತ್ತದೆ, ಕಡಿಮೆಯಿದ್ದರೆ ಕಡಿಮೆ. ಅಂಗಡಿಯಿಂದ ತರುವಾಗ ಕೆಂಪಗೆ ಹೊಳೆಯುತ್ತಿದ್ದ ಕ್ರೋಟನ್ ಪಡಸಾಲೆಯ ಮೂಲೆಯಲ್ಲಿಟ್ಟ ಮೇಲೆ ಹಸಿರಾಯಿತೇಕೆ ಎಂಬುದಕ್ಕೆ ಉತ್ತರ ಇಲ್ಲಿದೆ. ಅದಕ್ಕೆ ಗೊಬ್ಬರ ಸಾಲದೆ ಹೋದದ್ದಲ್ಲ, ಬೆಳಕು ಸಾಲದೆ ಹೋದದ್ದು.

ಬಿಳಿ ಅಂದರೆ ಖಾಲಿ

ಇನ್ನು ಬಿಳಿಯ ಕಡೆ ಬರೋಣ. ಮನಿಪ್ಲಾಂಟ್ ಎಲೆಯ ಬಿಳಿ ಪಟ್ಟೆ, ಕೆಲಾಡಿಯಂ ಎಲೆಯ ಬಿಳಿ ಬಯಲು ನೋಡಲು ಚೆಂದ. ಆದರೆ ಅಲ್ಲಿ ಪತ್ರಹರಿತ್ತು ಇಲ್ಲ, ಇದ್ದರೂ ತೀರ ಕಡಿಮೆ. ಆ ಭಾಗ ತನ್ನ ಊಟ ತಾನು ಮಾಡಿಕೊಳ್ಳಲಾರದು. ಪಕ್ಕದ ಹಸಿರು ಭಾಗ ದುಡಿದು ಕೊಟ್ಟದ್ದರಲ್ಲಿ ಅದು ಬದುಕುತ್ತದೆ.

ಇದನ್ನು ಕಣ್ಣಾರೆ ತೋರಿಸುವ ಪ್ರಯೋಗ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿದೆ. ಪಟ್ಟೆಯ ಎಲೆಗಳಿರುವ ಮನಿಪ್ಲಾಂಟ್ ಅಥವಾ ಕ್ರೋಟನ್ ಗಿಡವನ್ನು ಮೂರು ದಿನ ಕತ್ತಲೆಯಲ್ಲಿಟ್ಟು, ಆಮೇಲೆ ಆರು ತಾಸು ಬಿಸಿಲಿಗಿಡುತ್ತಾರೆ. ಒಂದು ಎಲೆ ಕಿತ್ತು, ಹಸಿರು ಎಲ್ಲಿದೆ, ಬಿಳಿ ಎಲ್ಲಿದೆ ಎಂದು ಕಾಗದದ ಮೇಲೆ ಚಿತ್ರ ಬರೆದುಕೊಳ್ಳುತ್ತಾರೆ. ಎಲೆಯನ್ನು ಕುದಿಸಿ, ಸ್ಪಿರಿಟ್‌ನಲ್ಲಿ ಅದರ ಹಸಿರನ್ನೆಲ್ಲ ತೆಗೆದು, ಮೇಲೆ ಅಯೋಡಿನ್ ಹನಿಸಿದರೆ ಮೊದಲು ಹಸಿರಿದ್ದ ಕಡೆ ಮಾತ್ರ ಕಪ್ಪು-ನೀಲಿ ಆಗುತ್ತದೆ. ಅಲ್ಲಿ ಪಿಷ್ಟ ಇದೆ ಎಂದು ಅರ್ಥ. ಬಿಳಿಯಿದ್ದ ಕಡೆ ಏನೂ ಆಗುವುದಿಲ್ಲ. ಕಾಗದದ ಚಿತ್ರವೂ ಎಲೆಯ ಚಿತ್ರವೂ ಪಕ್ಕಾ ಹೊಂದುತ್ತವೆ. ಸ್ಪಿರಿಟ್‌ಗೆ ಬೆಂಕಿ ಬೇಗ ಹತ್ತಿಕೊಳ್ಳುತ್ತದೆ, ಅದಕ್ಕಾಗಿ ಇದನ್ನು ಶಾಲೆಯಲ್ಲಿ ಗುರುಗಳ ಮುಂದೆಯೇ ಮಾಡಬೇಕು.

ಪಟ್ಟೆ ಎಲೆಯ ಗುಟ್ಟನ್ನು ಬಿಡಿಸಲು ವಿಜ್ಞಾನಿಗಳಿಗೆ ನೆರವಾದ ಗಿಡ ಯಾವುದು ಗೊತ್ತೇ? ನಮ್ಮ ಹಿತ್ತಲಿನ ಸಂಜೆಮಲ್ಲಿಗೆ! ಜರ್ಮನಿಯ ಕಾರ್ಲ್ ಕೊರೆನ್ಸ್ ಸಂಜೆಮಲ್ಲಿಗೆಯ ಒಂದು ತಳಿಯನ್ನು ಆರಿಸಿಕೊಂಡಿದ್ದರು. ಅದರ ಒಂದೇ ಗಿಡದಲ್ಲಿ ಕೆಲವು ಟೊಂಗೆ ಪೂರ್ತಿ ಹಸಿರು, ಕೆಲವು ಪೂರ್ತಿ ಬಿಳಿ, ಕೆಲವು ಹಸಿರು-ಬಿಳಿ ಪಟ್ಟೆ. ಒಂದು ಟೊಂಗೆಯ ಹೂವಿನ ಪರಾಗವನ್ನು ಇನ್ನೊಂದು ಟೊಂಗೆಯ ಹೂವಿಗೆ ಹಚ್ಚಿ, ಬೀಜ ಕೂಡಿಸಿ, ಬಿತ್ತಿ ನೋಡಿದರು. ಹಸಿರು ಟೊಂಗೆಯ ಬೀಜದಿಂದ ಹಸಿರು ಸಸಿಗಳೇ ಬಂದವು. ಬಿಳಿ ಟೊಂಗೆಯ ಬೀಜದಿಂದ ಬಿಳಿ ಸಸಿಗಳೇ ಬಂದವು, ಬಂದವೆಲ್ಲ ಊಟವಿಲ್ಲದೆ ಸತ್ತವು. ಪಟ್ಟೆ ಟೊಂಗೆಯ ಬೀಜದಿಂದ ಮೂರೂ ಬಗೆ ಬಂದವು. ಪರಾಗ ಯಾವ ಟೊಂಗೆಯದು ಎಂಬುದರಿಂದ ಏನೂ ವ್ಯತ್ಯಾಸವಾಗಲಿಲ್ಲ. ಕ್ಲೋರೋಪ್ಲಾಸ್ಟ್‌ಗಳು ಈ ಗಿಡದಲ್ಲಿ ತಾಯಿಯ ಕಡೆಯಿಂದ ಮಾತ್ರ ಬೀಜಕ್ಕೆ ಬರುತ್ತವೆ ಎಂಬ ಅರಿವಿಗೆ ದಾರಿ ಮಾಡಿದ ಈ ಕೆಲಸವನ್ನು ಕೊರೆನ್ಸ್ 1909ರಲ್ಲಿ ಪ್ರಕಟಿಸಿದರು.

ಇದರಿಂದ ತೋಟಗಾರರಿಗೆ ಎರಡು ಪಾಠ. ಒಂದು, ಪಟ್ಟೆ ಎಲೆಯ ಗಿಡವನ್ನು ಹೆಚ್ಚಿಸಬೇಕಾದರೆ ಬೀಜವನ್ನು ನಂಬಬಾರದು, ಟೊಂಗೆ ಕತ್ತರಿಸಿ ನೆಡಬೇಕು. ಎರಡು, ಪಟ್ಟೆ ಗಿಡದಲ್ಲಿ ಅಪ್ಪಟ ಹಸಿರು ಟೊಂಗೆಯೊಂದು ಎದ್ದರೆ ಅದನ್ನು ಬುಡದಲ್ಲೇ ಕತ್ತರಿಸಬೇಕು. ಎಲ್ಲ ಎಲೆಯೂ ದುಡಿಯುವ ಆ ಟೊಂಗೆ ಬೇಗ ಬೆಳೆಯುತ್ತದೆ, ಕೆಲವೇ ತಿಂಗಳಲ್ಲಿ ಪಟ್ಟೆಯ ಟೊಂಗೆಗಳನ್ನು ಹಿಂದೆ ಹಾಕಿ ಗಿಡವನ್ನೆಲ್ಲ ಆವರಿಸುತ್ತದೆ.

ಬಣ್ಣ ಬಂದದ್ದೆಲ್ಲ ಒಳ್ಳೆಯದೇ ಎಂದೂ ತಿಳಿಯಬೇಡಿ. ಬೆಂಡೆ ಗಿಡದ ಎಲೆಯಲ್ಲಿ ನರಗಳು ಮಾತ್ರ ಹಳದಿಯಾಗಿ ಬಲೆಯಂತೆ ಕಂಡರೆ ಅದು ನಂಜುರೋಗ, ಬಿಳಿನೊಣ ಹರಡಿದ ವೈರಸ್‌ನ ಕೆಲಸ. ಅದು ಹರಡುತ್ತ ಹೋಗುತ್ತದೆ, ಕಾಯಿ ಕೆಡುತ್ತದೆ. ಕ್ರೋಟನ್‌ನ ಹಳದಿ ಪಕ್ಕದ ಗಿಡಕ್ಕೆ ಅಂಟುವುದಿಲ್ಲ.

ಎಲ್ಲಿಂದ ಬಂದವು ಈ ಗಿಡಗಳು?

ಕ್ರೋಟನ್‌ನ ತವರು ಇಂಡೊನೇಷ್ಯಾ, ಮಲೇಷ್ಯಾ ಮತ್ತು ಪೆಸಿಫಿಕ್ ಸಾಗರದ ಪಶ್ಚಿಮದ ನಡುಗಡ್ಡೆಗಳು. ಅದನ್ನು ಮೊದಲು ವಿವರವಾಗಿ ಬರೆದಿಟ್ಟವರಲ್ಲಿ ಒಬ್ಬರು ಗೆಯೋರ್ಗ್ ರುಂಫಿಯಸ್. ಅಂಬೋನ್ ಎಂಬ ನಡುಗಡ್ಡೆಯಲ್ಲಿದ್ದ ಅವರಿಗೆ 1670ರಲ್ಲಿ ಕಣ್ಣು ಹೋಯಿತು. 1687ರ ಬೆಂಕಿಯಲ್ಲಿ ಅವರ ಗಿಡಗಳ ಪುಸ್ತಕಕ್ಕೆ ಬಿಡಿಸಿದ್ದ ಚಿತ್ರಗಳು ಸುಟ್ಟುಹೋದವು. ಆದರೂ ಅವರು ಕೆಲಸ ಬಿಡಲಿಲ್ಲ. ನೆರವಿನವರು ನೋಡಿ ಹೇಳಿದರು, ಬರೆದುಕೊಂಡರು, ಹೊಸದಾಗಿ ಚಿತ್ರ ಬಿಡಿಸಿದರು. ಅವರು ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ, 1741ರಿಂದ, ಆ ಪುಸ್ತಕದ ಸಂಪುಟಗಳು ಅಚ್ಚಾದವು. ಕಣ್ಣು ಕಾಣದ ಒಬ್ಬ ವಿಜ್ಞಾನಿಯ ಪುಸ್ತಕದಲ್ಲಿ ಕ್ರೋಟನ್‌ನ ಬಣ್ಣದ ಎಲೆಗಳು ಸೇರಿಕೊಂಡವು ಎಂಬುದನ್ನು ನೆನೆದರೆ ನನಗೆ ಇಂದಿಗೂ ಕೈ ಮುಗಿಯಬೇಕೆನ್ನಿಸುತ್ತದೆ.

ಕೆಲಾಡಿಯಂ ಬಂದದ್ದು ದಕ್ಷಿಣ ಅಮೆರಿಕದ ಕಾಡುಗಳಿಂದ. ಮನಿಪ್ಲಾಂಟ್‌ನ ಮೂಲ ಪೆಸಿಫಿಕ್‌ನ ಮೊರೆಯಾ ಎಂಬ ಪುಟ್ಟ ನಡುಗಡ್ಡೆ. ಕೋಲಿಯಸ್ ಆಗ್ನೇಯ ಏಷ್ಯಾದ ಕಡೆಯದು. ಅದು ತುಳಸಿ, ದೊಡ್ಡಪತ್ರೆಗಳ ಬಳಗಕ್ಕೆ ಸೇರಿದೆ. ಕೋಲಿಯಸ್‌ನ ಎಳೆ ದಂಟನ್ನು ಎರಡು ಬೆರಳ ನಡುವೆ ಹಿಡಿದು ಹೊರಳಿಸಿ ನೋಡಿ, ನಾಲ್ಕು ಮೂಲೆ ಕೈಗೆ ತಾಗುತ್ತವೆ. ಆಮೇಲೆ ತುಳಸಿಯ ಎಳೆ ದಂಟನ್ನೂ ಮುಟ್ಟಿ ನೋಡಿ.

ಇಂಥ ಗಿಡಗಳು ತಿಂಗಳುಗಟ್ಟಲೆ ಹಡಗಿನಲ್ಲಿ ಬರುವಾಗ ಉಪ್ಪುಗಾಳಿಗೆ ಒಣಗಿ ಸಾಯುತ್ತಿದ್ದವು. ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ 1829ರಲ್ಲಿ ಮುಚ್ಚಿದ ಗಾಜಿನ ಸೀಸೆಯೊಳಗೆ ಪತಂಗದ ಕೋಶವೊಂದನ್ನು ಇಟ್ಟಿದ್ದರು. ಸೀಸೆಯ ಹಸಿ ಮಣ್ಣಿನಲ್ಲಿ ತಾನಾಗಿ ಜರಿಗಿಡವೊಂದು ಮೊಳೆತು ಬೆಳೆಯತೊಡಗಿತು. ಹೊರಗೆ ಹೋಗಲಾರದ ನೀರಾವಿ ಗಾಜಿಗೆ ತಾಗಿ ಹನಿಯಾಗಿ ಮತ್ತೆ ಮಣ್ಣಿಗೇ ಇಳಿಯುತ್ತಿತ್ತು. ಅದನ್ನು ನೋಡಿ ವಾರ್ಡ್ ಗಾಜಿನ ಪೆಟ್ಟಿಗೆಗಳನ್ನು ಮಾಡಿಸಿದರು. 1833ರಲ್ಲಿ ಅವು ಲಂಡನ್ನಿನಿಂದ ಸಿಡ್ನಿಗೆ ಗಿಡಗಳನ್ನು ಜೀವಂತ ಮುಟ್ಟಿಸಿದವು. ಅಲ್ಲಿಂದ ಮುಂದೆ ದೂರ ದೇಶದ ಗಿಡಗಳು ಊರೂರಿಗೆ ಬಂದವು. ಗಾಜಿನ ಪೆಟ್ಟಿಗೆಯಲ್ಲ, ಗಾಜಿನ ಮನೆಯೇ ನಮ್ಮಲ್ಲಿದೆ. ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ಅದಕ್ಕೆ 1889ರಲ್ಲಿ ಅಡಿಗಲ್ಲು ಬಿತ್ತು. ಗಣರಾಜ್ಯೋತ್ಸವ, ಸ್ವಾತಂತ್ರ್ಯೋತ್ಸವದ ಫಲಪುಷ್ಪ ಪ್ರದರ್ಶನಗಳು ನಡೆಯುವುದು ಅಲ್ಲಿಯೇ.

ತಂಗಡಗಿಯ ಬಿಸಿಲಿನಲ್ಲಿ

ಈಗ ನಮ್ಮ ಊರಿಗೆ ಬರೋಣ. ತಂಗಡಗಿ ಮುದ್ದೇಬಿಹಾಳ ತಾಲ್ಲೂಕಿನ ಊರು, ಕೃಷ್ಣಾ ನದಿಯ ದಂಡೆ, ಶರಣೆ ನೀಲಾಂಬಿಕೆಯ ಐಕ್ಯಸ್ಥಳವೆಂದು ನಾಡಿಗೆಲ್ಲ ಹೆಸರಾದದ್ದು. ನೀರು ಕಣ್ಣೆದುರಿಗೇ ಇದೆ. ಆದರೂ ಗಾಳಿ ಒಣ. ವಿಜಯಪುರ ಜಿಲ್ಲೆಗೆ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿ.ಮೀ. ಆಸುಪಾಸು. ಏಪ್ರಿಲ್-ಮೇ ತಿಂಗಳಲ್ಲಿ ಉಷ್ಣತೆ 40 ಡಿಗ್ರಿ ದಾಟುತ್ತದೆ. ಬಣ್ಣದ ಎಲೆಯ ಗಿಡಗಳು ಹುಟ್ಟಿದ ಮಳೆಕಾಡುಗಳಲ್ಲಾದರೋ ಸಾಮಾನ್ಯವಾಗಿ 2,000 ಮಿ.ಮೀ. ಮೀರಿ ಮಳೆ ಬೀಳುತ್ತದೆ, ಗಾಳಿಯಲ್ಲಿ ಯಾವಾಗಲೂ ತೇವವಿರುತ್ತದೆ. ಸೆಕೆ ಈ ಗಿಡಗಳಿಗೆ ಹೊಸದಲ್ಲ. ಅವು ತಾಳಲಾರದ್ದು ಒಣಗಾಳಿಯನ್ನು ಮತ್ತು ನಡುಮಧ್ಯಾಹ್ನದ ನೇರ ಬಿಸಿಲನ್ನು.

ಆದ್ದರಿಂದ ಜಾಗ ಆರಿಸುವಾಗ ಎಲೆಯನ್ನು ಓದಿ. ಬಣ್ಣ ನೋಡಿ, ಜೊತೆಗೆ ಎಲೆಯನ್ನು ಮುಟ್ಟಿ. ಕ್ರೋಟನ್ ಎಲೆ ದಪ್ಪ, ಮೇಲೆ ಮೇಣದ ಹೊಳಪು, ಕೆಂಪು-ಹಳದಿ ತುಂಬಿದ ಮೈ. ಇದು ಬಿಸಿಲಿನ ಗಿಡ. ಮನೆಯ ಮೂಡಣ ದಿಕ್ಕಿನಲ್ಲಿಟ್ಟು, ಬೆಳಗಿನ ನಾಲ್ಕೈದು ತಾಸು ಬಿಸಿಲು ಸಿಗುವಂತೆ ಮಾಡಿ. ಒಂದು ಜಾಗಕ್ಕೆ ಹೊಂದಿಕೊಂಡ ಮೇಲೆ ಪದೇ ಪದೇ ಎತ್ತಿ ಇಡಬೇಡಿ. ಜಾಗ ಬದಲಾದರೆ ಕ್ರೋಟನ್ ಎಲೆ ಉದುರಿಸುತ್ತದೆ.

ಕೋಲಿಯಸ್ ಎಲೆ ಮೆತ್ತಗೆ, ತೆಳ್ಳಗೆ. ಕಡುಗೆಂಪು ಬಗೆಗಳು ಬೆಳಗಿನ ಬಿಸಿಲು ತಡೆಯುತ್ತವೆ. ತಿಳಿಹಳದಿ, ಬಿಳಿ ಹೆಚ್ಚಿರುವ ಬಗೆಗಳಿಗೆ ಬೆಳಕಿರುವ ನೆರಳೇ ಸರಿ. ಕೆಲಾಡಿಯಂ ಎಲೆ ಕೆಂಪಿದ್ದರೂ ಕಾಗದದಷ್ಟು ತೆಳು. ಅದು ದೊಡ್ಡ ಮರಗಳ ಕೆಳಗೆ ಬೆಳೆದ ಗಿಡ, ಅದಕ್ಕೆ ನೇರ ಬಿಸಿಲು ಬೇಡವೇ ಬೇಡ. ಬಿಳಿ ಪಟ್ಟೆಯ ಮನಿಪ್ಲಾಂಟ್‌ಗೆ ಬಿಸಿಲು ಬೇಡ, ಆದರೆ ಬೆಳಕು ಬೇಕು. ತೀರ ಕತ್ತಲೆಯಲ್ಲಿಟ್ಟರೆ ಅದರ ಹೊಸ ಎಲೆಗಳಲ್ಲಿ ಬಿಳಿ ಕಡಿಮೆಯಾಗುತ್ತ ಹೋಗುತ್ತದೆ.

ಬೇವಿನ ಮರದ ಕೆಳಗಿನ ಹಗುರ ನೆರಳು ಇಂಥ ಗಿಡಗಳಿಗೆ ಹೇಳಿ ಮಾಡಿಸಿದ ಜಾಗ. ಆದರೆ ಒಂದು ಎಚ್ಚರ. ಫೆಬ್ರುವರಿ-ಮಾರ್ಚ್‌ನಲ್ಲಿ ಬಿಸಿಲು ಏರುವ ಹೊತ್ತಿಗೇ ಬೇವು ಎಲೆ ಉದುರಿಸುತ್ತದೆ. ನಿನ್ನೆಯವರೆಗೆ ನೆರಳಿದ್ದ ಕಡೆ ಇವತ್ತು ಬಿಸಿಲು. ಆ ಕೆಲವು ವಾರ ಕುಂಡಗಳನ್ನು ಗೋಡೆಯ ನೆರಳಿಗೆ ಸರಿಸಿ, ಇಲ್ಲವೇ ಮೇಲೆ ಹಳೆಯ ಸೀರೆಯೊಂದನ್ನು ಕಟ್ಟಿ.

ಕುಂಡ, ಮಣ್ಣು, ನೀರು

ನಮ್ಮ ಎರೆಮಣ್ಣು ಜೋಳಕ್ಕೆ, ಕಡಲೆಗೆ ಬಂಗಾರ. ಕುಂಡಕ್ಕೆ ಮಾತ್ರ ಅದೊಂದನ್ನೇ ತುಂಬಬೇಡಿ. ನೀರು ಕುಡಿದಾಗ ಎರೆಮಣ್ಣು ಉಬ್ಬುತ್ತದೆ, ಬೇರಿಗೆ ಗಾಳಿ ಆಡದಂತೆ ಅಂಟಿಕೊಳ್ಳುತ್ತದೆ. ಒಣಗಿದಾಗ ಕುಗ್ಗಿ ಕುಂಡದ ಗೋಡೆಯಿಂದ ದೂರ ಸರಿಯುತ್ತದೆ. ಆಗ ನೀವು ಹಾಕಿದ ನೀರು ಆ ಸಂದಿಯಲ್ಲಿ ಸರ್ರನೆ ಇಳಿದು ತಳದ ತೂತಿನಿಂದ ಹೊರಗೆ ಹೋಗುತ್ತದೆ, ನಡುವಿನ ಬೇರು ಒಣಗಿಯೇ ಇರುತ್ತದೆ. ಎರಡು ಪಾಲು ಮಸಾರಿ ಮಣ್ಣು, ಒಂದು ಪಾಲು ಚೆನ್ನಾಗಿ ಕೊಳೆತ ತಿಪ್ಪೆಗೊಬ್ಬರ, ಒಂದು ಪಾಲು ಉಸುಕು ಸೇರಿಸಿ. ತಳದ ತೂತಿನ ಮೇಲೆ ಒಂದು ಹೆಂಚಿನ ಚೂರು ಇಡಿ.

ಮಣ್ಣಿನ ಕುಂಡ ಸಿಕ್ಕರೆ ಅದೇ ಒಳ್ಳೆಯದು. ಅದರ ಸಣ್ಣ ರಂಧ್ರಗಳಿಂದ ನೀರು ಹೊರಗೆ ಜಿನುಗಿ ಆವಿಯಾಗುತ್ತದೆ, ಆವಿಯಾಗುವಾಗ ಕುಂಡದ ಬಿಸಿಯನ್ನು ತೆಗೆದುಕೊಂಡು ಹೋಗುತ್ತದೆ. ಬೇಸಿಗೆಯಲ್ಲಿ ಮಣ್ಣಿನ ಹರವಿಯ ನೀರು ತಣ್ಣಗಾಗುವುದೂ ಇದೇ ಕಾರಣಕ್ಕೆ. ಕಪ್ಪು ಪ್ಲಾಸ್ಟಿಕ್ ಕುಂಡವಾದರೆ ಬಿಸಿಲಿಗೆ ಕಾದು ಬೇರನ್ನು ಬೇಯಿಸುತ್ತದೆ. ಅಂಥದ್ದೇ ಇದ್ದರೆ ಹೊರಗೆ ಸುಣ್ಣ ಬಳಿಯಿರಿ, ಇಲ್ಲವೇ ನೆರಳಿನಲ್ಲಿಡಿ. ಕುಂಡಗಳನ್ನು ಒಂದೊಂದು ಮೂಲೆಗೆ ಒಂದೊಂದಾಗಿ ಇಡುವುದಕ್ಕಿಂತ ಒತ್ತಾಗಿ ಗುಂಪು ಮಾಡಿ. ಎಲೆಗಳು ಬಿಡುವ ನೀರಾವಿಯಿಂದ ಗುಂಪಿನ ನಡುವಿನ ಗಾಳಿ ಅಷ್ಟಿಷ್ಟು ತೇವವಾಗುತ್ತದೆ.

ನೀರು ಹಾಕುವ ಮುಂಚೆ ಬೆರಳನ್ನು ಒಂದು ಗಿಣ್ಣಿನಷ್ಟು ಮಣ್ಣಿಗೆ ಇಳಿಸಿ. ಹಸಿಯಿದ್ದರೆ ಬೇಡ, ಒಣಗಿದ್ದರೆ ಹಾಕಿ. ಹಾಕುವಾಗ ತಳದಿಂದ ಹೊರಗೆ ಬರುವಷ್ಟು ಹಾಕಿ. ಕೆಲವು ಕಡೆ ಬೋರಿನ ನೀರು ಸವುಳಾಗಿರುತ್ತದೆ. ಅದನ್ನೇ ಹಾಕುತ್ತಿದ್ದರೆ ನೀರು ಆವಿಯಾಗಿ ಉಪ್ಪು ಮಣ್ಣಿನಲ್ಲೇ ಉಳಿಯುತ್ತದೆ. ಕುಂಡದ ಅಂಚಿನಲ್ಲಿ ಬಿಳಿ ಪುಡಿ ಕಟ್ಟುತ್ತದೆ, ಎಲೆಯ ತುದಿ ಕಂದಾಗಿ ಒಣಗುತ್ತದೆ. ಮಳೆ ಬಂದಾಗ ಕುಂಡಗಳನ್ನು ಬಯಲಿಗೆ ಇಡಿ. ಮಳೆನೀರು ಆ ಉಪ್ಪನ್ನು ತೊಳೆದುಕೊಂಡು ಹೋಗುತ್ತದೆ.

ಹೊಸ ಗಿಡ ಮಾಡಲು ಮುಂಗಾರಿನ ದಿನಗಳೇ ಸರಿ, ಆಗ ಗಾಳಿಯಲ್ಲಿ ತೇವವಿರುತ್ತದೆ. ಕೋಲಿಯಸ್‌ನ ಒಂದು ಗೇಣು ತುದಿಯನ್ನು ಗಿಣ್ಣಿನ ಕೆಳಗೆ ಕತ್ತರಿಸಿ, ಕೆಳಗಿನ ಎಲೆ ತೆಗೆದು, ನೀರಿನ ಲೋಟದಲ್ಲಿಡಿ. ಒಂದೆರಡು ವಾರದಲ್ಲಿ ಗಿಣ್ಣಿನಿಂದ ಬಿಳಿ ಬೇರು ಹೊರಡುತ್ತದೆ. ಬೇರು ಎಲ್ಲಿಂದ ಹೊರಟಿತು ಎಂದು ಲೋಟದ ಹೊರಗಿನಿಂದಲೇ ನೋಡಬಹುದು. ಮಣ್ಣಿನಲ್ಲಿ ನೆಟ್ಟ ಮೇಲೆ, ತಳ ಕತ್ತರಿಸಿದ ನೀರಿನ ಬಾಟಲಿಯನ್ನು ಅದರ ಮೇಲೆ ಮುಚ್ಚಿ, ನೆರಳಿನಲ್ಲಿಡಿ. ವಾರ್ಡ್ ಅವರ ಗಾಜಿನ ಪೆಟ್ಟಿಗೆ ಮಾಡಿದ ಕೆಲಸವನ್ನೇ ಈ ಬಾಟಲಿಯೂ ಮಾಡುತ್ತದೆ. ಗಿಡ ಚಿಗುರಿದ ಮೇಲೆ ತುದಿಯನ್ನು ಚಿವುಟಿ. ತುದಿಯ ಮೊಗ್ಗು ಪಕ್ಕದ ಮೊಗ್ಗುಗಳನ್ನು ತಡೆದು ಹಿಡಿದಿರುತ್ತದೆ. ಅದು ಹೋದರೆ ಪಕ್ಕದವು ಎದ್ದು ಗಿಡ ಗುಬುರಾಗುತ್ತದೆ.

ಕೆಲಾಡಿಯಂ ಗಡ್ಡೆಯ ಗಿಡ. ಚಳಿಗಾಲದಲ್ಲಿ ಅದರ ಎಲೆಗಳೆಲ್ಲ ಒಣಗಿದರೆ ಸತ್ತಿತೆಂದು ಎಸೆಯಬೇಡಿ. ಮಣ್ಣಿನೊಳಗೆ ಗಡ್ಡೆ ನಿದ್ದೆ ಮಾಡುತ್ತಿರುತ್ತದೆ. ಆಗ ನೀರು ನಿಲ್ಲಿಸಿ, ಹಾಕಿದರೆ ಗಡ್ಡೆ ಕೊಳೆಯುತ್ತದೆ. ಸೆಕೆ ಬಂದು ಮಣ್ಣು ಬೆಚ್ಚಗಾದಾಗ ಮತ್ತೆ ನೀರು ಕೊಟ್ಟರೆ ಸುರುಳಿ ಸುತ್ತಿದ ಹೊಸ ಎಲೆ ಮೇಲೆ ಬರುತ್ತದೆ.

ಇನ್ನೊಂದು ಮಾತು, ಬಹಳ ಮುಖ್ಯ. ಈ ಗಿಡಗಳ ಎಲೆಯನ್ನು ಬಾಯಿಗೆ ಹಾಕಬಾರದು. ಕೆಲಾಡಿಯಂ, ಮನಿಪ್ಲಾಂಟ್, ಪಟ್ಟೆ ಎಲೆಯ ಇನ್ನೊಂದು ಗಿಡವಾದ ಡೈಫೆನ್‌ಬೇಕಿಯಾ ಇವುಗಳ ಎಲೆಯಲ್ಲಿ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿವೆ. ಅಗಿದರೆ ನಾಲಿಗೆ, ಗಂಟಲು ಉರಿದು ಊದಿಕೊಳ್ಳುತ್ತವೆ. ಕ್ರೋಟನ್ ಟೊಂಗೆ ಮುರಿದಾಗ ಬರುವ ರಸ ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ. ಕತ್ತರಿಸಿದ ಮೇಲೆ ಕೈ ತೊಳೆಯಿರಿ, ಪುಟ್ಟ ತಮ್ಮ-ತಂಗಿಯರಿಗೂ ಮನೆಯ ಆಡಿನ ಮರಿಗೂ ಎಟುಕದ ಕಡೆ ಕುಂಡಗಳನ್ನಿಡಿ.

ನಿಮಗೊಂದು ಕೆಲಸ

ಶಾಲೆಯಿಂದ ಆಲಮಟ್ಟಿ ಅಣೆಕಟ್ಟೆಯ ಉದ್ಯಾನಗಳನ್ನು ನೋಡಲು ಹೋದಾಗ ಓಡುತ್ತ ಮುಂದೆ ಹೋಗಬೇಡಿ. ಬಣ್ಣದ ಎಲೆಯ ಗಿಡ ಕಂಡ ಕಡೆ ನಿಂತು, ಯಾವುದನ್ನು ಬಿಸಿಲಿನಲ್ಲಿ ನೆಟ್ಟಿದ್ದಾರೆ, ಯಾವುದನ್ನು ಮರದ ಕೆಳಗೆ ನೆಟ್ಟಿದ್ದಾರೆ ಎಂದು ಬರೆದುಕೊಳ್ಳಿ. ಬಾಗಲಕೋಟೆಯಲ್ಲಿ 2008ರಲ್ಲಿ ಆರಂಭವಾದ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ. ಅಲ್ಲಿ ತೋಟಗಾರಿಕೆ ಮೇಳ ನಡೆಯುತ್ತದೆ. ಹಿರಿಯರ ಜೊತೆ ಹೋದರೆ ಗಿಡ ಬೆಳೆಸುವುದನ್ನೇ ಓದಿದವರನ್ನು ನೇರವಾಗಿ ಕೇಳಬಹುದು.

ಮನೆಯಲ್ಲಿ ಮಾಡುವ ಕೆಲಸ ಇದು. ಒಂದೇ ಕೋಲಿಯಸ್ ಗಿಡದಿಂದ ಮೂರು ತುದಿ ಕತ್ತರಿಸಿ ಬೇರು ಬರಿಸಿ, ಒಂದೇ ಅಳತೆಯ ಮೂರು ಕುಂಡಗಳಲ್ಲಿ, ಒಂದೇ ಮಣ್ಣಿನಲ್ಲಿ ನೆಡಿ. ಒಂದನ್ನು ಬೆಳಗಿನ ಬಿಸಿಲಿನಲ್ಲಿ, ಒಂದನ್ನು ಮರದ ನೆರಳಿನಲ್ಲಿ, ಒಂದನ್ನು ಮನೆಯೊಳಗಿನ ಕಿಟಕಿಯ ಹತ್ತಿರ ಇಡಿ. ನೀರು ಮೂರಕ್ಕೂ ಬೆರಳಿಟ್ಟು ನೋಡಿಯೇ ಹಾಕಿ. ವಾರಕ್ಕೊಮ್ಮೆ ಪ್ರತಿ ಗಿಡದ ಮೇಲಿನಿಂದ ಎರಡನೇ ಜೋಡಿ ಎಲೆಯ ಚಿತ್ರ ಬಿಡಿಸಿ, ಬಣ್ಣ ತುಂಬಿ, ಪಕ್ಕದಲ್ಲಿ ತಾರೀಖು ಬರೆಯಿರಿ. ಎರಡು ತಿಂಗಳಾದ ಮೇಲೆ ಮೂರೂ ಗಿಡದ ಚಿತ್ರಗಳನ್ನು ಸಾಲಾಗಿ ಇಟ್ಟು ನೋಡಿ. ಮೂರೂ ಒಂದೇ ತಾಯಿಯ ಟೊಂಗೆಗಳು, ಮಣ್ಣು ಒಂದೇ, ಕುಂಡ ಒಂದೇ. ವ್ಯತ್ಯಾಸ ಕಂಡರೆ ಅದಕ್ಕೆ ಮುಖ್ಯ ಕಾರಣ ಬೆಳಕು ಎಂದು ನೀವೇ ಧೈರ್ಯವಾಗಿ ಹೇಳಬಹುದು, ಮತ್ತು ಯಾಕೆ ಹಾಗೆ ಹೇಳುತ್ತೀರಿ ಎಂದು ಯಾರಾದರೂ ಕೇಳಿದರೆ ನಿಮ್ಮ ಚಿತ್ರಗಳನ್ನು ಅವರ ಮುಂದೆ ಹರಡಿ ತೋರಿಸಬಹುದು.